ಚಿಕ್ಕ ದೇಶ, ಜಾಸ್ತಿ ಮೆಟ್ಟಿಲು: ಮಾಲ್ಟಾದಲ್ಲಿ ಅಮ್ಮನ ಜೊತೆ ಒಂದು ವಾರ

ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸಿನಿಂದ ತುಪ್ಪದ ಡಬ್ಬಿ ಹೊರಗೆ ತೆಗೆದಿಟ್ಟೆ. ಅಮ್ಮ ಮತ್ತೆ ಒಳಗಿಟ್ಟಳು. ನಾನು ಮತ್ತೆ ತೆಗೆದೆ.

"ಒಂದು ಡಬ್ಬಿ ತುಪ್ಪದಿಂದ ಅವರ ದೇಶಕ್ಕೆ ಏನಾಗತ್ತೆ ಕಣೇ?"

ಏನೂ ಆಗಲ್ಲ. ಆದರೆ ಐರೋಪ್ಯ ಒಕ್ಕೂಟದೊಳಕ್ಕೆ ಹೊರಗಿನಿಂದ ಹೋಗುವವರು ಹಾಲಿನ, ಮಾಂಸದ ಪದಾರ್ಥ ಚೀಲದಲ್ಲಿ ಒಯ್ಯುವ ಹಾಗಿಲ್ಲ. ತುಪ್ಪ, ಪೇಡ ಎರಡೂ ಅದರಲ್ಲೇ ಬಂತು. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಳಗೆ ಹೋದವು. ತುಪ್ಪ ಅಡುಗೆಮನೆಯಲ್ಲೇ ಉಳಿಯಿತು. ಅಮ್ಮ ಏರ್‌ಪೋರ್ಟ್ ತನಕ ಮಾತಾಡಲಿಲ್ಲ.

ಮಾಲ್ಟಾ ಅಂದಾಗ ಆಫೀಸಿನಲ್ಲಿ ಅರ್ಧ ಜನ "ಅದೆಲ್ಲಿದೆ?" ಅಂದರು. ಇಟಲಿಯ ಸಿಸಿಲಿಯಿಂದ ಸುಮಾರು 90 ಕಿಲೋಮೀಟರ್ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ. ಇಡೀ ದೇಶ 316 ಚದರ ಕಿಲೋಮೀಟರ್. ಬೆಂಗಳೂರು ನಗರದ ಅರ್ಧವೂ ಇಲ್ಲ. ಅದಕ್ಕೇ ನಾನು ಮೊದಲು ಮೂರು ದಿನ ಸಾಕು ಅಂತ ಬರೆದುಕೊಂಡಿದ್ದೆ. ಆ ಹಾಳೆ ಹರಿದು ಹಾಕಿದ್ದು ಒಳ್ಳೆಯದಾಯಿತು. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ಈ ದೇಶ ಆರಿಸಿದ್ದಕ್ಕೆ ಕಾರಣ ಅಮ್ಮ. ವಯಸ್ಸು 66, ಮಂಡಿನೋವು, ಸಸ್ಯಾಹಾರ. ಅಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. 1964ರವರೆಗೆ ಬ್ರಿಟಿಷರ ಕೈಯಲ್ಲಿದ್ದ ಜಾಗವಾದ್ದರಿಂದ ಗಾಡಿಗಳು ನಮ್ಮ ಹಾಗೇ ಎಡಕ್ಕೆ ಓಡುತ್ತವೆ. ರಸ್ತೆ ದಾಟುವಾಗ ತಲೆ ತಪ್ಪು ಕಡೆ ತಿರುಗುವುದಿಲ್ಲ. ವಯಸ್ಸಾದವರ ಜೊತೆ ಹೋದರೆ ಇದು ಸಣ್ಣ ವಿಷಯ ಅಲ್ಲ.

ವೀಸಾ ಷೆಂಗೆನ್‌ದು, ಅಂದರೆ ಯೂರೋಪಿನ ಹಲವು ದೇಶಗಳಿಗೆ ಸೇರಿಸಿ ಕೊಡುವ ಒಂದೇ ವೀಸಾ. ಶುಲ್ಕ 90 ಯೂರೋ, ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕೇ ಬೇಕು. ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಎಷ್ಟೋ ಜನರದ್ದು ಹಾಗೇ ಇರುತ್ತದೆ. ವಿಮೆ ಮಾಡಿಸುವಾಗ ನಾನು ಬುದ್ಧಿವಂತಿಕೆ ತೋರಿಸಿ ಅಪ್ಪನ ಹೆಸರು ಸೇರಿಸಿದೆ. ಟಿಕೆಟ್‌ನಲ್ಲಿ ಒಂದು ಹೆಸರು, ವಿಮೆಯಲ್ಲಿ ಇನ್ನೊಂದು. ಕೌಂಟರಿನಲ್ಲಿ ಕಾಗದ ವಾಪಸ್ ಬಂತು, ಮತ್ತೆ ವಿಮೆ, ಮತ್ತೆ ಸರದಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅದನ್ನೇ ಅಕ್ಷರಕ್ಕೆ ಅಕ್ಷರ ಎಲ್ಲ ಕಡೆ ಬರೆಯಿರಿ. ಎರಡು ತಿಂಗಳು ಮೊದಲೇ ಅರ್ಜಿ ಕೊಟ್ಟಿದ್ದರಿಂದ ಬಚಾವಾದೆವು.

ಶನಿವಾರ

ನಮ್ಮ ದೇಶದಿಂದ ಅಲ್ಲಿಗೆ ನೇರ ವಿಮಾನ ಇಲ್ಲ. ನಾವು ದುಬೈ ಮೂಲಕ ಹೋದೆವು. ಆ ವಿಮಾನ ನಡುವೆ ಸೈಪ್ರಸ್‌ನ ಲಾರ್ನಕದಲ್ಲಿ ಇಳಿಯುತ್ತದೆ. ಮಾಲ್ಟಾಕ್ಕೆ ಹೋಗುವವರು ಸೀಟಿನಲ್ಲೇ ಕೂತಿರಬೇಕು. "ಬಂತಾ?" ಅಂತ ಅಮ್ಮ ಸೀಟ್‌ಬೆಲ್ಟ್ ಬಿಚ್ಚಿ ಎದ್ದೇಬಿಟ್ಟಿದ್ದಳು.

ಮೇಲಿನಿಂದ ನೋಡಿದರೆ ದ್ವೀಪ ಪೂರ್ತಿ ಬಿಸ್ಕತ್ತಿನ ಬಣ್ಣ. ಮನೆ, ಚರ್ಚು, ಹೊಲದ ಗೋಡೆ ಎಲ್ಲ ಒಂದೇ ಸುಣ್ಣಕಲ್ಲು. ನದಿ ಒಂದೂ ಕಾಣುವುದಿಲ್ಲ, ಯಾಕೆಂದರೆ ಇಲ್ಲ. ಕುಡಿಯುವ ನೀರಿನ ದೊಡ್ಡ ಪಾಲು ಸಮುದ್ರದ ನೀರನ್ನು ಸಿಹಿ ಮಾಡಿದ್ದು. ನಲ್ಲಿ ನೀರು ಕುಡಿದರೆ ಏನೂ ಆಗುವುದಿಲ್ಲ, ರುಚಿ ಮಾತ್ರ ಚಪ್ಪೆ. ಕಾಫಿಗೂ ಬಾಟಲಿ ನೀರೇ ವಾಸಿ ಅಂತ ಅಮ್ಮ ಎರಡನೇ ದಿನ ತೀರ್ಮಾನ ಕೊಟ್ಟಳು.

ಎಲ್ಲಿ ಉಳಿಯಬೇಕು ಅನ್ನೋದು ದೊಡ್ಡ ಪ್ರಶ್ನೆ. ರಾಜಧಾನಿ ವಲೆಟ್ಟಾ ಚೆಂದ, ಆದರೆ ಗುಡ್ಡದ ಮೇಲಿದೆ. ಅಡ್ಡ ಬೀದಿಗಳೆಲ್ಲ ಮೆಟ್ಟಿಲು. ಪೇಸ್‌ವಿಲ್ ಕಡೆ ಹೋದರೆ ರಾತ್ರಿಯಿಡೀ ಡಿಜೆ. ನಾವು ಸ್ಲೀಮದಲ್ಲಿ ಉಳಿದೆವು. ದಡದುದ್ದಕ್ಕೂ ಸಪಾಟು ರಸ್ತೆ, ಕೂರಲು ಬೆಂಚು, ಎದುರಿಗೇ ವಲೆಟ್ಟಾ. ಕೆಟ್ಟದ್ದು ಏನೆಂದರೆ ಎಲ್ಲಿ ನೋಡಿದರೂ ಕ್ರೇನು, ಬೆಳಗ್ಗೆ ಎದ್ದರೆ ಡ್ರಿಲ್ಲಿಂಗ್ ಸದ್ದು. ರೂಮು ಬುಕ್ ಮಾಡುವಾಗ ಪಕ್ಕದಲ್ಲಿ ಕಟ್ಟಡ ಏಳುತ್ತಿದೆಯಾ ಅಂತ ಕೇಳಿಬಿಡಿ. ಲಿಫ್ಟ್ ಇದೆಯಾ ಅಂತಲೂ ಕೇಳಿ. ಹಳೆ ಮನೆಗಳಲ್ಲಿ ಇರುವುದಿಲ್ಲ.

ಪ್ಲಗ್ ಪಾಯಿಂಟ್ ಬ್ರಿಟಿಷರ ದಪ್ಪ ಮೂರು ಚೌಕ ಕಡ್ಡಿಯದು. ನಮ್ಮ ದುಂಡು ಪಿನ್ ಹೋಗುವುದಿಲ್ಲ. "ಯೂರೋಪ್ ಅಡಾಪ್ಟರ್" ಅಂತ ಅಂಗಡಿಯವನು ಕೊಟ್ಟದ್ದೂ ಹೋಗಲಿಲ್ಲ. ಮೊದಲ ರಾತ್ರಿ ಫೋನ್ ಚಾರ್ಜ್ ಆಗಿದ್ದು ಟಿವಿ ಹಿಂದಿನ ಯುಎಸ್‌ಬಿಯಲ್ಲಿ.

ಭಾನುವಾರ

ಮಾರ್ಸಶ್ಲೊಕ್ ಅನ್ನೋ ಮೀನುಗಾರರ ಊರಿನಲ್ಲಿ ಭಾನುವಾರ ಸಂತೆ. ಬರೆಯುವಾಗ ನಡುವೆ ಎಕ್ಸ್ ಅಕ್ಷರ ಬರುತ್ತದೆ, ಅದನ್ನು 'ಶ' ಅಂತ ಓದಬೇಕು. ಕ್ಯೂ ಅಕ್ಷರವನ್ನಂತೂ ಗಂಟಲಲ್ಲೇ ನುಂಗಿಬಿಡುತ್ತಾರೆ. ನಾನು ಇಂಗ್ಲಿಷ್ ಥರ ಓದಿ ಹೇಳಿದಾಗ ಬಸ್ ಡ್ರೈವರ್‌ಗೆ ಅರ್ಥ ಆಗಲಿಲ್ಲ. ಆಮೇಲೆ ಊರಿನ ಹೆಸರು ಫೋನಿನಲ್ಲೇ ತೋರಿಸುತ್ತಿದ್ದೆ.

ಮಾಲ್ಟೀಸ್ ಭಾಷೆ ಅರಬ್ಬಿಯ ಸಂತಾನ, ಲಿಪಿ ಮಾತ್ರ ರೋಮನ್. 'ಮಾರ್ಸ' ಅಂದರೆ ಬಂದರು, 'ಶ್ಲೊಕ್' ಅಂದರೆ ಆಗ್ನೇಯದ ಗಾಳಿ. ಪುಸ್ತಕಕ್ಕೆ 'ಕ್ತಿಯೆಬ್', ಜಗತ್ತಿಗೆ 'ದಿನ್ಯಾ'. ಕಿತಾಬು, ದುನಿಯಾ! ಕ್ಯಾಥೊಲಿಕ್ ಚರ್ಚಿನಲ್ಲಿ ದೇವರನ್ನು 'ಅಲ್ಲಾ' ಅಂತ ಕರೆದು ಪ್ರಾರ್ಥನೆ ಮಾಡುತ್ತಾರೆ. ಇಷ್ಟು ವರ್ಷ ಸಮಾಜ ಪಾಠ ಮಾಡಿದ ಅಮ್ಮನಿಗೆ ಇದು ಇಡೀ ಪ್ರವಾಸದ ಅತಿ ದೊಡ್ಡ ಸುದ್ದಿ. ಸಿಕ್ಕಸಿಕ್ಕವರ ಹತ್ತಿರ ಹೊಸ ಪದ ಕೇಳಿ ಡೈರಿಯಲ್ಲಿ ಬರೆದುಕೊಂಡಳು, ಧನ್ಯವಾದಕ್ಕೆ 'ಗ್ರಾತ್ಸಿ' ಕೂಡ.

ಬಸ್ಸಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ದೇಶದಲ್ಲಿ ರೈಲಿಲ್ಲ. ಟಿಕೆಟ್ ಬೇಸಿಗೆಯಲ್ಲಿ ಎರಡೂವರೆ ಯೂರೋ, ಎರಡು ಗಂಟೆ ಎಷ್ಟು ಬಸ್ ಬೇಕಾದರೂ ಬದಲಿಸಬಹುದು. ಹತ್ತುವಾಗ ಬ್ಯಾಂಕ್ ಕಾರ್ಡ್ ತೋರಿಸಿದರೆ ಸಾಕು. ಆದರೆ ಸ್ಟಾಪಿನಲ್ಲಿ ಸುಮ್ನೆ ನಿಂತರೆ ಬಸ್ ನಿಲ್ಲುವುದಿಲ್ಲ, ಕೈ ಅಡ್ಡ ಹಾಕಬೇಕು. ತುಂಬಿದ್ದರೆ ಕೈ ಹಾಕಿದರೂ ನಿಲ್ಲುವುದಿಲ್ಲ. ನಕ್ಷೆಯಲ್ಲಿ ಹನ್ನೆರಡು-ಹದಿಮೂರು ಕಿಲೋಮೀಟರ್ ಕಾಣುವ ದಾರಿಗೆ, ವಲೆಟ್ಟಾದಲ್ಲಿ ಬಸ್ ಬದಲಿಸಿ, ನಮಗೆ ಒಂದೂವರೆ ಗಂಟೆ ಹಿಡಿಯಿತು. ಮೂರು ದಿನದ ಲೆಕ್ಕ ಅಲ್ಲೇ ಮುಳುಗಿತು. ಅವತ್ತಿನಿಂದ ದಿನಕ್ಕೆ ಎರಡೇ ಜಾಗ, ಒಂದು ಊಟಕ್ಕೆ ಮುಂಚೆ, ಒಂದು ಊಟ ಆದ ಮೇಲೆ ಅಂತ ಇಟ್ಟುಕೊಂಡೆವು.

ಸಂತೆಯ ಅರ್ಧ ಭಾಗ ಟೀ ಶರ್ಟು, ಪ್ಲಾಸ್ಟಿಕ್ ಸಾಮಾನು. ಅದಕ್ಕಾಗಿ ಹೋಗುವುದು ಬೇಡ. ದೋಣಿಗಳಿಗಾಗಿ ಹೋಗಿ. 'ಲುತ್ಸು' ಅಂತ ಅದರ ಹೆಸರು. ನೀಲಿ, ಹಳದಿ, ಕೆಂಪು, ಹಸಿರು ಪಟ್ಟೆ. ಮೂತಿಯ ಎರಡೂ ಕಡೆ ಒಂದೊಂದು ಕಣ್ಣು. ಬರೀ ಬಣ್ಣದ್ದಲ್ಲ, ಹತ್ತಿರ ಹೋಗಿ ನೋಡಿದರೆ ಮರದಲ್ಲಿ ಕೆತ್ತಿ ಮೇಲೆ ಹುಬ್ಬು ಸಮೇತ ಕೂರಿಸಿದ್ದು. ಸಮುದ್ರದಲ್ಲಿ ಕೆಟ್ಟದ್ದು ಆಗದಿರಲಿ ಅಂತ ಈ ಕಣ್ಣು. ಫಿನೀಷಿಯನ್ನರು ಅನ್ನೋ ಪ್ರಾಚೀನ ಕಡಲ ವ್ಯಾಪಾರಿಗಳ ಕಾಲದ ನಂಬಿಕೆ ಅನ್ನುತ್ತಾರೆ. "ನಮ್ಮಲ್ಲಿ ಲಾರಿ ಹಿಂದೆ ರಾಕ್ಷಸನ ಮುಖ ಹಾಕಲ್ವಾ, ಹಾಗೆ" ಅಂದಳು ಅಮ್ಮ. ಒಬ್ಬ ಮುದುಕ ಬಲೆ ಹೊಲಿಯುತ್ತಿದ್ದ, ಹೆಬ್ಬೆರಳಿನಿಂದ ಕಣ್ಣಿ ಅಳೆದು ಗಂಟು ಹಾಕುತ್ತಿದ್ದ. ಕುಮಟಾದಲ್ಲಿ ಹುಟ್ಟಿ ಬೆಳೆದ ಅಮ್ಮ ಅವನ ಪಕ್ಕ ಅರ್ಧ ಗಂಟೆ ನಿಂತಳು. ಮಾತಿಲ್ಲ, ಇಬ್ಬರೂ ಬಲೆ ನೋಡುತ್ತಿದ್ದರು.

ಸೋಮವಾರ

ವಲೆಟ್ಟಾದ ದೊಡ್ಡ ಚರ್ಚು ಸಂತ ಜಾನ್ ಕೋ-ಕೆಥೆಡ್ರಲ್‌ಗೆ ಭಾನುವಾರ ಪ್ರವಾಸಿಗಳಿಗೆ ಪ್ರವೇಶ ಇಲ್ಲ, ಹಾಗಾಗಿ ಸೋಮವಾರ. ಭುಜ ಮುಚ್ಚಿರಬೇಕು. ಚೂಪು ಹಿಮ್ಮಡಿಯ ಚಪ್ಪಲಿ ಬಿಡುವುದಿಲ್ಲ, ಯಾಕೆಂದರೆ ನೆಲವೇ ಸಮಾಧಿ. ಬಣ್ಣದ ಅಮೃತಶಿಲೆಯಲ್ಲಿ ಅಸ್ಥಿಪಂಜರ, ದೇವದೂತರು, ಲಾಂಛನಗಳನ್ನು ಕೂರಿಸಿದ ಸುಮಾರು 400 ಗೋರಿಕಲ್ಲುಗಳು. ಅಮ್ಮನಿಗೆ ಅದರ ಮೇಲೆ ಕಾಲಿಡಲು ಮನಸ್ಸಿಲ್ಲ. ಅಂಚು ಹಿಡಿದೇ ನಡೆದಳು.

ಒಳಗಿನ ಒಂದು ಕೋಣೆಯಲ್ಲಿ ಕಾರವಾಜ್ಜೋ 1608ರಲ್ಲಿ ಬರೆದ ಚಿತ್ರ ಇದೆ. ಸಂತ ಜಾನನ ತಲೆ ಕಡಿಯುವ ದೃಶ್ಯ, ಅಗಲ ಐದು ಮೀಟರಿಗೂ ಜಾಸ್ತಿ. ರೋಮ್‌ನಲ್ಲಿ ಕೊಲೆ ಮಾಡಿ ತಲೆಮರೆಸಿಕೊಂಡಿದ್ದ ಚಿತ್ರಕಾರ ಇಲ್ಲಿಗೆ ಬಂದು, ಆಗ ದ್ವೀಪ ಆಳುತ್ತಿದ್ದ ಕ್ರೈಸ್ತ ಯೋಧರಾದ ಸೇಂಟ್ ಜಾನ್ ನೈಟ್‌ಗಳ ಸಂಘ ಸೇರಿದ. ಸ್ವಲ್ಪ ದಿನಕ್ಕೇ ಜಗಳ ಮಾಡಿ ಜೈಲಿಗೆ ಹೋದ, ಅಲ್ಲಿಂದಲೂ ತಪ್ಪಿಸಿಕೊಂಡ. ಚಿತ್ರದ ಕೆಳಗೆ ನೆಲದ ಮೇಲೆ ರಕ್ತ ಹರಿದಿದೆ, ಆ ರಕ್ತದಲ್ಲೇ ಅವನ ಸಹಿ. ಅವನು ಸಹಿ ಹಾಕಿದ ಒಂದೇ ಚಿತ್ರ ಇದು. ಸಂಘದಿಂದ ಅವನ ಹೆಸರು ಹೊಡೆದುಹಾಕಿದ್ದೂ ಇದೇ ಕೋಣೆಯಲ್ಲಿ, ಇದೇ ಚಿತ್ರದ ಎದುರಿಗೆ. ಉಳಿದದ್ದೆಲ್ಲ ಚಿನ್ನ, ಚಿನ್ನ, ಚಿನ್ನ. ನನಗೆ ಕಣ್ಣು ದಣಿಯಿತು. ಈ ಚಿತ್ರದ ಮುಂದೆ ಮಾತ್ರ ಕೂತು ಬಿಟ್ಟೆ.

ಹನ್ನೆರಡಕ್ಕೆ ಅಪ್ಪರ್ ಬರಾಕ್ಕ ತೋಟದ ಕೆಳಗೆ ತೋಪು ಹಾರಿಸುತ್ತಾರೆ, ನಾಲ್ಕಕ್ಕೆ ಇನ್ನೊಮ್ಮೆ. ಮೇಲಿನ ಕಟ್ಟೆಯಿಂದ ನೋಡಿದರೆ ದುಡ್ಡು ಕೊಡಬೇಕಿಲ್ಲ, ಕಾಣುವುದೂ ಚೆನ್ನಾಗಿ. ತೋಟದ ಪಕ್ಕದಲ್ಲೇ ಬಂದರಿಗೆ ಇಳಿಯುವ ಲಿಫ್ಟ್ ಇದೆ, 58 ಮೀಟರ್. ಮಂಡಿನೋವಿನವರಿಗೆ ಅದು ದೇವರು. ಕೆಳಗಿನಿಂದ 'ದೈಸಾ' ಅನ್ನೋ ಚಿಕ್ಕ ದೋಣಿ ಹತ್ತಿದರೆ ಎರಡು ಯೂರೋಗೆ ಆಚೆ ದಡದ ಬಿರ್ಗು ಊರು. 1565ರಲ್ಲಿ ಆಟೊಮನ್ ತುರ್ಕರು ಮುತ್ತಿಗೆ ಹಾಕಿದಾಗ ನೈಟ್‌ಗಳು ಕಾದಾಡಿದ್ದು ಅಲ್ಲಿಂದಲೇ. ವಲೆಟ್ಟಾ ಆಗ, ತುದಿಯಲ್ಲಿದ್ದ ಒಂದು ಕೋಟೆ ಬಿಟ್ಟರೆ, ಬರೀ ಕಲ್ಲುಗುಡ್ಡ. ಗೆದ್ದ ಮೇಲೆ, 1566ರಲ್ಲಿ, ಹೊಸ ನಗರಕ್ಕೆ ಕಲ್ಲು ಇಟ್ಟರು, ಮುಖಂಡ ಲಾ ವಲೆಟ್‌ನ ಹೆಸರಿಟ್ಟರು.

ಒಂದು ಕಿವಿಮಾತು. ಸ್ಲೀಮದಿಂದ ದೋಣಿಯಲ್ಲಿ ವಲೆಟ್ಟಾಕ್ಕೆ ಬಂದರೆ ನಗರದ ಹಿಂಬದಿ ಇಳಿಯುತ್ತೀರಿ, ಅಲ್ಲಿಂದ ಕಡಿದಾದ ಏರು. ಬೆಳಗ್ಗೆ ಬಸ್ಸಿನಲ್ಲಿ ಹೋಗಿ, ನಗರದ ಹೆಬ್ಬಾಗಿಲ ಹತ್ತಿರ ಇಳಿದು, ಸಂಜೆ ದೋಣಿಯಲ್ಲಿ ವಾಪಸ್ ಬನ್ನಿ. ಇಳಿಜಾರು ನಿಮ್ಮ ಕಡೆ ಇರುತ್ತದೆ.

ಹಾಲ್ ಸಾಫ್ಲಿಯೆನಿ ಹೈಪೊಜಿಯಮ್ ನಮ್ಮ ಕೈ ತಪ್ಪಿತು, ತಪ್ಪು ನನ್ನದೇ. ಐದು ಸಾವಿರ ವರ್ಷಕ್ಕೂ ಹಳೆಯ, ಕಲ್ಲಿನೊಳಗೆ ಕೊರೆದ ಭೂಗರ್ಭ ಸಮಾಧಿ. 1902ರಲ್ಲಿ ಮನೆ ಕಟ್ಟುವವರು ಅಗೆಯುವಾಗ ಸಿಕ್ಕಿದ್ದು. ಒಳಗಿನ ಗಾಳಿ, ತೇವ ಕೆಡಬಾರದು ಅಂತ ಗಂಟೆಗೆ ಹತ್ತೇ ಜನರನ್ನು ಬಿಡುತ್ತಾರೆ. ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಖಾಲಿ. ವಿಮಾನದ ಟಿಕೆಟ್ ತೆಗೆದ ದಿನವೇ ಇದನ್ನೂ ತೆಗೆಯಿರಿ. ಅಲ್ಲಿ ಸಿಕ್ಕ 'ಮಲಗಿದ ಹೆಂಗಸು' ಮೂರ್ತಿ ಮಾತ್ರ ವಲೆಟ್ಟಾದ ಪುರಾತತ್ವ ಮ್ಯೂಸಿಯಮ್ಮಿನಲ್ಲಿದೆ. ಅಂಗೈಯಲ್ಲಿ ಹಿಡಿಸುತ್ತಾಳೆ. ಮಗ್ಗುಲಾಗಿ, ತೋಳಿನ ಮೇಲೆ ತಲೆಯಿಟ್ಟು ಗಾಢ ನಿದ್ದೆ. "ಮಧ್ಯಾಹ್ನದ ಕೆಲಸ ಮುಗಿಸಿ ಮಲಗಿದ್ದಾಳೆ, ಎಬ್ಬಿಸಬೇಡ" ಅಂದಳು ಅಮ್ಮ.

ಮಂಗಳವಾರ

ಮೊಸ್ತಾ ಚರ್ಚಿನ ಗುಮ್ಮಟಕ್ಕೆ 1942ರ ಏಪ್ರಿಲ್ 9ರಂದು ಜರ್ಮನ್ನರ ಬಾಂಬ್ ಬಿತ್ತು. ಗುಮ್ಮಟ ತೂತು ಮಾಡಿಕೊಂಡು ಪೂಜೆಗೆ ಸೇರಿದ್ದ ಜನರ ನಡುವೆ ಬಂದು ಬಿತ್ತು, ಸಿಡಿಯಲಿಲ್ಲ. ಯುದ್ಧದಲ್ಲಿ ತೋರಿದ ಧೈರ್ಯಕ್ಕೆ ಅದೇ ತಿಂಗಳು ಬ್ರಿಟನ್ ದೊರೆ ಇಡೀ ದ್ವೀಪಕ್ಕೇ ಜಾರ್ಜ್ ಕ್ರಾಸ್ ಪದಕ ಕೊಟ್ಟ. ಮಾಲ್ಟಾ ಬಾವುಟದ ಮೂಲೆಯಲ್ಲಿ ಅದು ಈಗಲೂ ಇದೆ.

ಅಲ್ಲಿಂದ ಇಮ್ದಿನಾ, ಹಳೆ ರಾಜಧಾನಿ. ಕೋಟೆಯೊಳಗೆ ಕಾರು ಕಡಿಮೆ, ಮನೆ ಕಡಿಮೆ, ಮಾತು ಕಡಿಮೆ. ಮಧ್ಯಾಹ್ನ ಟೂರಿಸ್ಟ್ ಬಸ್ಸಿನವರು ಬಂದು ಆ ಮೌನ ಪೂರ್ತಿ ಹಾಳು ಮಾಡುತ್ತಾರೆ. ಸಂಜೆ ಹೋಗಿ, ದೀಪ ಹತ್ತಿದ ಮೇಲೆ.

ಕೋಟೆ ಹೊರಗಿನ ರಬಾತ್‌ನಲ್ಲಿ ಪಸ್ತೀತ್ಸಿ ತಿಂದೆವು. ನಮ್ಮ ಬೇಕರಿ ಪಫ್‌ಗೆ ದೂರದ ನೆಂಟ. ಎಲೆಯಾಕಾರ, ಅಂಚು ಪದರ ಪದರ, ಕಚ್ಚಿದರೆ ಚೂರು ಮಡಿಲಿಗೆ ಉದುರಬೇಕು. ಒಳಗೆ ರಿಕೊಟ್ಟಾ ಗಿಣ್ಣು, ಇಲ್ಲವೇ ಬಟಾಣಿ ಪಲ್ಯ. ಒಂದು ಯೂರೋಗೂ ಕಡಿಮೆ. ಸಸ್ಯಾಹಾರಿಗಳು ಒಂದು ಮಾತು ಕೇಳಬೇಕು. ಹಿಟ್ಟಿಗೆ ಹಿಂದೆ ಹಂದಿ ಕೊಬ್ಬು, ಅಂದರೆ ಲಾರ್ಡ್, ಹಾಕುತ್ತಿದ್ದರು, ಈಗ ಎಷ್ಟೋ ಕಡೆ ಮಾರ್ಗರಿನ್. "ಲಾರ್ಡ್ ಇದೆಯಾ?" ಅಂತ ಕೇಳಿದರೆ ಬೇಜಾರಿಲ್ಲದೆ ಹೇಳುತ್ತಾರೆ. ನಾವು ಮೊದಲು ಕೇಳಿದ ಅಂಗಡಿಯಲ್ಲಿ ಇದೆ ಅಂದರು, ಎರಡನೆಯದರಲ್ಲಿ ಇಲ್ಲ. ಖರ್ಜೂರ ತುಂಬಿ ಎಣ್ಣೆಯಲ್ಲಿ ಕರಿದ ಇಮ್‌ಆರೆತ್ ನಮ್ಮ ಕರ್ಜಿಕಾಯಿಗೆ ಸ್ವಂತ ತಂಗಿ. ಬ್ರೆಡ್ಡಿಗೆ ಟೊಮೇಟೊ, ಎಣ್ಣೆ ಸವರಿ ಕೊಡುವ ಹೋಬ್ಸ್ ಬಿಝ್ಝೇಯ್ತ್ ಕೂಡ ಚೆನ್ನಾಗಿರುತ್ತದೆ, ಆದರೆ ಟ್ಯೂನ ಮೀನು ಬೇಡ ಅಂತ ಮೊದಲೇ ಹೇಳಿ. ಕಿನ್ನಿ ಅನ್ನೋ ಕಹಿ ಕಿತ್ತಳೆ ಸೋಡಾ ನನಗೆ ಹಿಡಿಸಿತು. ಅಮ್ಮ ಒಂದು ಗುಟುಕು ಕುಡಿದು "ಕಷಾಯಕ್ಕೆ ಗ್ಯಾಸ್ ಹಾಕಿದ್ದಾರೆ" ಅಂದಳು. ಮೊಸರು ಎಲ್ಲ ಸೂಪರ್‌ಮಾರ್ಕೆಟಿನಲ್ಲೂ ಸಿಗುತ್ತದೆ. ರಾತ್ರಿ ಊಟ ಹೆಚ್ಚಾಗಿ ಮೊಸರವಲಕ್ಕಿ.

ಬುಧವಾರ

ಗೋಝೋ, ಎರಡನೇ ದ್ವೀಪ. ಸ್ಲೀಮದಿಂದ ಚಿರ್ಕೆವ್ವ ದಡಕ್ಕೆ ಬಸ್ಸಿನಲ್ಲಿ ಒಂದು ಗಂಟೆಗೂ ಮೇಲೆ, ಅಲ್ಲಿಂದ ಹಡಗಿನಲ್ಲಿ 25 ನಿಮಿಷ. ಹೋಗುವಾಗ ಯಾರೂ ಟಿಕೆಟ್ ಕೇಳುವುದಿಲ್ಲ, ಗಾಬರಿ ಬೇಡ. ವಾಪಸ್ ಬರುವಾಗ ಎರಡೂ ಕಡೆಯದು ಸೇರಿಸಿ ಐದು ಯೂರೋ ಒಳಗೆ ಕೊಟ್ಟರಾಯಿತು.

ಜಗಂತಿಯಾ ಗುಡಿಗಳು ಕ್ರಿಸ್ತಪೂರ್ವ 3600ರ ಸುಮಾರಿನವು. ಗೀಜಾದ ಪಿರಮಿಡ್ಡಿಗಿಂತ ಸಾವಿರ ವರ್ಷ ಹಳೆಯವು. ಇಷ್ಟಿಷ್ಟು ದೊಡ್ಡ ಬಂಡೆ ಹೊತ್ತು ತಂದದ್ದು ಒಬ್ಬ ರಾಕ್ಷಸಿ, ಹೆಗಲ ಮೇಲೆ ಮಗು ಕೂರಿಸಿಕೊಂಡು, ಬರೀ ಕಾಳು, ಜೇನು ತಿಂದು ಕಟ್ಟಿದಳು ಅಂತ ಅಲ್ಲಿನ ಕಥೆ.

"ಮಗುವಿನ ಅಪ್ಪ ಎಲ್ಲಿದ್ದನಂತೆ?"

ಕಥೆಯಲ್ಲಿ ಅದರ ವಿವರ ಇಲ್ಲ ಅಂದೆ. "ಇರಲ್ಲ ಬಿಡು."

ಹಳೆ ಪೋಸ್ಟರಿನಲ್ಲಿ ಕಾಣುವ ಕಲ್ಲಿನ ಕಮಾನು ಅಝೂರ್ ವಿಂಡೋ ಹುಡುಕಿಕೊಂಡು ಹೋಗಬೇಡಿ. 2017ರ ಮಾರ್ಚ್ 8ರ ಬಿರುಗಾಳಿಗೆ ಅದು ಸಮುದ್ರಕ್ಕೆ ಬಿತ್ತು. ನಾವು ಅದರ ಬದಲು ಶ್ವೇಯ್ನಿ ಉಪ್ಪಿನಾಗರಕ್ಕೆ ಹೋದೆವು. ಸಾಣಿಕಟ್ಟೆ ಆಗರ ನೋಡಿ ಬೆಳೆದವಳಿಗೆ ಅದಕ್ಕಿಂತ ಇನ್ನೇನು ಬೇಕು? ನಮ್ಮಲ್ಲಿ ಗದ್ದೆಯ ಹಾಗೆ ಮಣ್ಣಿನ ಮಡಿ. ಇಲ್ಲಿ ದಡದ ಬಂಡೆಯನ್ನೇ ಕೊರೆದು ಮಾಡಿದ ನೂರಾರು ಚೌಕ ತೊಟ್ಟಿ. ಕೆಲವು ಚಾಪೆಯಷ್ಟು, ಕೆಲವು ಕೋಣೆಯಷ್ಟು. ಅಲೆ ತಂದ ನೀರು ಬಿಸಿಲಿಗೆ ಆರಿ ಅಂಚಿನಲ್ಲಿ ಬಿಳಿ ಗೆರೆ ಬಿಡುತ್ತದೆ. ಅಮ್ಮ ಬಗ್ಗಿ, ಬೆರಳು ಅದ್ದಿ, ನಾಲಿಗೆಗೆ ಹಚ್ಚಿಕೊಂಡಳು. "ನಮ್ಮದಕ್ಕಿಂತ ಚುರುಕು." ರಸ್ತೆ ಬದಿಯಲ್ಲಿ ಮಾರುತ್ತಿದ್ದ ಒಂದು ಪೊಟ್ಟಣ ತಗೊಂಡಳು. ಚೌಕಾಸಿ ಮಾಡಲು ಹೋಗಿ ನನ್ನ ಮುಖ ನೋಡಿ ಸುಮ್ಮನಾದಳು.

ವಾಪಸ್ ಬರುವಾಗ ತಪ್ಪಾಯಿತು. ಸಂಜೆ ಐದರ ಹಡಗಿನಲ್ಲಿ ಇಳಿದವರೆಲ್ಲ ಒಂದೇ ಬಸ್ ಸ್ಟಾಪಿಗೆ ಓಡಿದರು. ಎರಡು ಬಸ್ಸು ತುಂಬಿ ಹೋದವು. ಅಮ್ಮನಿಗೆ ನಿಲ್ಲಲು ಆಗಲಿಲ್ಲ. ಕೊನೆಗೆ ಫೋನಿನಲ್ಲಿ ಕ್ಯಾಬ್ ಕರೆದೆ. ಡ್ರೈವರ್ ಕಾಸರಗೋಡಿನ ಹುಡುಗ, ಅಮ್ಮನ ಜೊತೆ ಕನ್ನಡದಲ್ಲೇ ಶುರು ಮಾಡಿದ. ಈಗ ಮಾಲ್ಟಾದಲ್ಲಿ ಕ್ಯಾಬ್, ಊಟದ ಡೆಲಿವರಿ, ಆಸ್ಪತ್ರೆ, ಎಲ್ಲೆಡೆ ನಮ್ಮವರು ಕೆಲಸಕ್ಕಿದ್ದಾರೆ. ರೂಮಿನ ಬಾಡಿಗೆಗೇ ಸಂಬಳದ ದೊಡ್ಡ ಪಾಲು ಹೋಗುತ್ತದೆ ಅಂದ. ಊರಿಗೆ ಹೋಗಿ ಎರಡು ವರ್ಷ ಆಗಿತ್ತು. ಇಳಿಯುವಾಗ ಅಮ್ಮ ಉಳಿದಿದ್ದ ಚಟ್ನಿಪುಡಿ ಪೊಟ್ಟಣ ಅವನ ಕೈಗಿಟ್ಟಳು.

ಗುರುವಾರ

ಗಾಳಿ ಎದ್ದಿತ್ತು. ಬ್ಲೂ ಗ್ರೊಟ್ಟೊ ಗುಹೆಗೆ ದೋಣಿ ಬಿಡಲಿಲ್ಲ. ಹೊರಡುವ ಮುಂಚೆ ಫೋನ್ ಮಾಡಿ ಕೇಳಬೇಕಿತ್ತು. ಹತ್ತಿರದ ಹಜರ್ ಈಮ್, ಇಮ್ನೈದ್ರಾ ಗುಡಿಗಳಿಗೆ ಹೋದೆವು. ಮಳೆ ಬಿಸಿಲಿಗೆ ಕಲ್ಲು ಸವೆಯಬಾರದು ಅಂತ ಮೇಲೆ ದೊಡ್ಡ ಬಿಳಿ ಚಪ್ಪರ. ಅಮ್ಮ ಒಳಗೆ ಕೂತಳು, ನಾನು ಕೆಳಗಿನ ಗುಡಿ ನೋಡಿ ಬಂದೆ. ಹಗಲು-ರಾತ್ರಿ ಸಮ ಇರುವ ದಿನ ಬೆಳಗಿನ ಬಿಸಿಲು ಅದರ ಬಾಗಿಲಿನಿಂದ ನೇರ ಒಳಗೆ ಬೀಳುತ್ತದಂತೆ.

ಕೊಮಿನೋ ದ್ವೀಪದ ಬ್ಲೂ ಲಗೂನ್ ಬಿಟ್ಟೆವು. ನೆರಳಿಲ್ಲ, ಕೂರಲು ಜಾಗ ಇಲ್ಲ, ಜನ ಜಾತ್ರೆ. ಈಜಲು ಹೋಗುವವರು 2025ರಿಂದ ಮೊದಲೇ ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಬೇಕು ಅನ್ನೋದು ನೆನಪಿರಲಿ.

ಶುಕ್ರವಾರ

ಲುಆ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಸುಲಭ, ದುಬಾರಿಯೂ ಅಲ್ಲ. ಭದ್ರತಾ ತಪಾಸಣೆಯಲ್ಲಿ ಅಮ್ಮನ ಕೈಚೀಲ ಪಕ್ಕಕ್ಕೆ ಹೋಯಿತು. ಯುವ ಅಧಿಕಾರಿ ಒಳಗೆ ಕೈ ಹಾಕಿ ಬಿಳಿ ಹರಳಿನ ಪೊಟ್ಟಣ ಎತ್ತಿ ಹಿಡಿದಳು. ನನ್ನ ಎದೆ ಧಸಕ್ಕೆಂದಿತು. ಉಪ್ಪನ್ನು ದೊಡ್ಡ ಸೂಟ್‌ಕೇಸಿಗೆ ಹಾಕಬೇಕಿತ್ತು. ಅವಳು ಚೀಟಿ ಓದಿದಳು, ಪೊಟ್ಟಣ ತಿರುಗಿಸಿದಳು, ನಕ್ಕಳು. ತನ್ನಜ್ಜಿ ಮನೆ ಆ ಆಗರದ ಹತ್ತಿರವೇ ಅಂದಳು.

ಅಮ್ಮ ಡೈರಿ ತೆಗೆದು ಪುಟ ತಿರುಗಿಸಿ, ಬೆರಳಿಟ್ಟು ಓದಿದಳು. "ಗ್ರಾತ್ಸಿ."